ಮಾದಪ್ಪಣ್ಣನ ಟ್ರಾನ್ಸ್‌ಫಾರ್ಮರ್

ಮಾದಪ್ಪಣ್ಣನ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಾಣೆ. ಹೋಟೆಲಿನ ಮೇಜು, ಬಸ್ಸಿನ ಕಂಬಿ, ತನ್ನದೇ ಮೊಣಕಾಲು, ಎಲ್ಲದರ ಮೇಲೂ ಟೆಲಿಗ್ರಾಂ ತಂತಿಯ ಕಟ್ಟು-ಕಡ ಸಂಕೇತ ತಟ್ಟುತ್ತಿದ್ದ. ಕೊಳ್ಳೇಗಾಲದ ಅಂಚೆ ಕಚೇರಿಯಲ್ಲಿ ಅವನು ತಂತಿ ಗುಮಾಸ್ತ. ಪಕ್ಕದ ಕಿಟಕಿಯಲ್ಲಿ ಸ್ಟಾಂಪು ಮಾರುವವನು ನಾನು.

ಅರವತ್ತರ ದಶಕದಲ್ಲಿ ಅವನಿಗೆ ಮನೆಯಿಂದಲೇ ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚು ಹಿಡಿಯಿತು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದ. ಮನೆಯಲ್ಲೇ ಟ್ರಾನ್ಸ್‌ಮಿಟರ್ ಜೋಡಿಸತೊಡಗಿದ. ಗಾಜಿನ ವಾಲ್ವು ಸಿಕ್ಕಿತು, ಕಾಯಿಲ್ ತಾನೇ ಸುತ್ತಿಕೊಂಡ. ಸಿಗದೇ ಹೋದದ್ದು ಕರೆಂಟನ್ನು ಸಾವಿರ ವೋಲ್ಟಿಗೆ ಏರಿಸುವ ಟ್ರಾನ್ಸ್‌ಫಾರ್ಮರ್. ಅಂಗಡಿಗಳಲ್ಲಿದ್ದದ್ದು ಮನೆ ರೇಡಿಯೋದವು, ಇದಕ್ಕೆ ಸಾಲವು. ಯಳಂದೂರಿನ ರೇಡಿಯೋ ರಿಪೇರಿಯವನು ಇಲ್ಲವೆಂದು ಕೈಯಲ್ಲಾಡಿಸಿಬಿಟ್ಟ.

ಹನೂರಿನ ಟೂರಿಂಗ್ ಟಾಕೀಸಿನವರು ಹಳೆಯ ಆಂಪ್ಲಿಫೈಯರ್ ಬಿಚ್ಚುತ್ತಿದ್ದಾರೆಂದು ತಿಳಿದು ಒಂದು ಭಾನುವಾರ ಇಬ್ಬರೂ ಹೋದೆವು. ಬಸ್ಸಿನಲ್ಲಿ ಬರುವಾಗ ಅದರ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮುದ್ದೆ ಟವೆಲಿನಲ್ಲಿ ಸುತ್ತಿಕೊಂಡು ಅವನ ತೊಡೆಯ ಮೇಲಿತ್ತು.

"ಏನ್ ಸಾ ಅದು, ಮಗೀನಂಗೆ ಎತ್ಕಂಡಿದ್ದೀರಿ?" ಎಂದ ಕಂಡಕ್ಟರ್.

"ಮಗೀನೇ ಕಣಪ್ಪ. ಇನ್ನೂ ಮಾತ್ ಬಂದಿಲ್ಲ."

ಮನೆಯಲ್ಲಿ ಕರೆಂಟ್ ಕೊಟ್ಟೊಡನೆ ಒಳಗಿನ ಸುತ್ತು ಸುಟ್ಟು ಹೊಗೆಯೆದ್ದಿತು. "ಇದ್ಕೆ ಮಾತ್ ಬರಾಕಿಲ್ಲ ಕಣ್ಲಾ," ಎಂದು ಬದಿಗಿಟ್ಟ.

ಆಮೇಲೆ ಹುಡುಕಿದವನು ಅವನ ಒಬ್ಬನೇ ಮಗ ಶಂಕರ. ಬೊಂಬಾಯಿಯ ಮಿಲ್ಲೊಂದರಲ್ಲಿ ಎಲೆಕ್ಟ್ರಿಷಿಯನ್. ಒಡೆದ ಹಡಗುಗಳ ಸಾಮಾನು ಮಾರುವ ಪೇಟೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಸಿಕ್ಕಿದೆ, ಪಾರ್ಸೆಲ್ ಮಾಡಿದ್ದೇನೆ, ಯುಗಾದಿಗೆ ನಾನೂ ಬರುತ್ತೇನೆ ಎಂದು ಬರೆದ. ಮಾದಪ್ಪಣ್ಣ ಅದನ್ನು ತಂತಿ ಕೊಡಲು ಬಂದವರಿಗೆಲ್ಲ ಹೇಳಿದ.

ಪಾರ್ಸೆಲ್‌ಗಿಂತ ಮುಂಚೆ ತಂತಿ ಬಂತು. ಅವನೇ ಕೂತು ಬರೆದುಕೊಂಡ. ಪೆನ್ಸಿಲ್ ನಿಲ್ಲಲಿಲ್ಲ. ಇನ್ನೊಮ್ಮೆ ಕಳಿಸಿ ಎಂದು ಅತ್ತ ಕಡೆಯವರಿಗೆ ತಟ್ಟಿದ. ಅದೇ ಮತ್ತೆ ಬಂತು. ಕವರಿಗೆ ಹಾಕಿ, ವಿಳಾಸ ಬರೆದು, ನನ್ನ ಮುಂದಿಟ್ಟ.

"ನಂಜುಂಡ, ಇದು ನಮ್ಮನೇದು. ನಿಮ್ಮತ್ತಿಗೆಗೆ ನೀನೇ ಓದೇಳು. ನನ್ ಡ್ಯೂಟಿ ಮುಗ್ದಿಲ್ಲ."

ಶಂಕರ ಜ್ವರದಲ್ಲಿ ತೀರಿಕೊಂಡಿದ್ದ. ನಾನು ಅವರ ಮನೆಗೆ ಹೋಗಿ ಓದಿ ಹೇಳಿದೆ. ಅತ್ತಿಗೆ ಒಲೆ ಆರಿಸಿ ಕೂತಳು. ನಾನೂ ಕೂತೆ. ಏನು ಮಾತಾಡಿದೆವೋ ನೆನಪಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಲಾರಿ ಆಫೀಸಿಗೆ ಪಾರ್ಸೆಲ್ ಬಂತು. ಮಾದಪ್ಪಣ್ಣ ಗೋಣಿ ಬಿಚ್ಚಿ, ಹುಲ್ಲು ತೆಗೆದು, ಬಟ್ಟೆಯಿಂದ ಒರೆಸಿ, ವೈರು ಸೇರಿಸಿದ. ವಾಲ್ವು ಬೆಳಗಿತು.

ಅವನು ರಿಟೈರಾದ ಮೇಲೆ ಗಂಡ ಹೆಂಡತಿ ಧನಗೆರೆಗೆ ಹೋದರು. ಕೊನೆಯ ಸಲ ನೋಡಲು ಹೋದಾಗ ತೆಂಗಿನಮರದಿಂದ ಮನೆಯ ಸೂರಿಗೆ ರೇಡಿಯೋದ ಏರಿಯಲ್ ತಂತಿ ಎಳೆದಿತ್ತು.

"ಯಾರಾರ ಸಿಕ್ತಾರಾ ಅಣ್ಣ?"

"ಸಿಕ್ತಾರೆ. ನೆನ್ನೆ ಸಿಲೋನ್‌ನವ್ರೊಬ್ರು ಸಿಕ್ಕಿದ್ರು. ಸಿಗ್ನಲ್ ಚೆಂದಾಗಿ ಅದೆ, ಟ್ರಾನ್ಸ್‌ಫಾರ್ಮರ್ ಎಲ್ಲಿ ತಂದ್ರಿ ಅಂದ್ರು."

"ನೀನೇನಂದೆ?"

"ನನ್ ಮಗ ಬೊಂಬಾಯ್ಲಿ ಅವ್ನೆ, ಅವ್ನು ಕಳ್ಸ್ದ ಅಂದೆ."

ಅತ್ತಿಗೆ ಕಾಫಿ ತಂದಿಟ್ಟಳು. ಕುಡಿದು ಬಸ್ಸಿಗೆ ಹೊರಟೆ.