ಭಾಗೀರಥಮ್ಮನವರ ಹದಿನಾಲ್ಕು ಹೊಂಗೆ

ಭಾಗೀರಥಮ್ಮನವರು ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ನೋಡಿಲ್ಲ. ಬೇರೆಯವರು ದೇವರ ಮನೆಯನ್ನು ಇಟ್ಟುಕೊಳ್ಳುವ ಹಾಗೆ ಅವರು ಸಿಟ್ಟನ್ನು ಇಟ್ಟುಕೊಂಡಿದ್ದರು, ದಿನಾ ಬೆಳಿಗ್ಗೆ ಗುಡಿಸಿ ಸಾರಿಸಿ. ಎಂದೋ ಒಮ್ಮೆ ಗುಬ್ಬಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ‘ಬೇಗ ಹತ್ತಮ್ಮ’ ಎಂದು ಗದರಿದನಂತೆ. ಅಲ್ಲಿಂದಾಚೆಗೆ ಅವರು ಆ ಬಸ್ಸು ಹತ್ತಲಿಲ್ಲ. ಮರಳೂರಿನ ಮನೆಯಿಂದ ತುಮಕೂರು ಸ್ಟೇಷನ್ನಿನವರೆಗೆ ನಡೆದು, ಅಲ್ಲಿಂದ ರೈಲು ಹಿಡಿದು ಗುಬ್ಬಿಗೆ ಬರುತ್ತಿದ್ದರು. ಆ ಕಂಡಕ್ಟರ್ ಕೆಲಸ ಬಿಟ್ಟು ಊರಿಗೆ ಹೋದ, ಬಸ್ಸಿನ ಮಾಲೀಕ ಬದಲಾದ, ಬಸ್ಸಿನ ಬಣ್ಣವೂ ಬದಲಾಯಿತು. ‘ಇನ್ನಾದರೂ ಹತ್ತಬಹುದಲ್ಲ ಮೇಡಂ’ ಎಂದು ನಾನು ಕೇಳಿದರೆ, ‘ಬಸ್ಸು ಅದೇ ಅಲ್ವೇನ್ರೀ?’ ಎಂದರು.

‘ಮರೆಯೋದು ದೊಡ್ಡ ಗುಣ ಅಂತಾರೆ. ಅಲ್ಲ ಕಣ್ರೀ ಪಂಡಿತರೇ, ಅದು ಸೋಮಾರಿತನ’ ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಗುಬ್ಬಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿದ್ದೆವು. ಅವರು ವಿಜ್ಞಾನದ ಮೇಡಂ, ನಾನು ಕನ್ನಡ ಪಂಡಿತ. ಕುಳ್ಳಗಿನ ಆಳು, ಗಂಜಿ ಹಾಕಿದ ನೂಲಿನ ಸೀರೆ, ನಡೆಯುವಾಗ ಮುಂದೆ ಹೋಗುತ್ತಿರುವವರನ್ನೆಲ್ಲ ಹಿಂದೆ ಹಾಕಿಯೇ ತೀರಬೇಕೆಂಬ ಬಿರುಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವರೂ ಅವರ ಅತ್ತೆಯೂ ಇಬ್ಬರೇ. ಅತ್ತೆಯ ಜೊತೆಗೂ ಯಾವುದೋ ಹಳೆಯ ಜಗಳವಿತ್ತು. ಆದರೂ ಆ ಮುದುಕಿಗೆ ಎರಡು ಹೊತ್ತು ಬಿಸಿ ಊಟ, ಸ್ನಾನಕ್ಕೆ ಬಿಸಿನೀರು ತಪ್ಪಿದ್ದಿಲ್ಲ. ಸಿಟ್ಟು ಬೇರೆ, ಮಾಡಬೇಕಾದ ಕೆಲಸ ಬೇರೆ ಎಂದು ಎರಡನ್ನೂ ಬೇರೆಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು. ಇದು ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ.

ನಾನೂ ತುಮಕೂರಿನಿಂದ ಅದೇ ರೈಲಿಗೆ ಹತ್ತುತ್ತಿದ್ದೆ. ಆಗಿನ್ನೂ ಕಲ್ಲಿದ್ದಲಿನ ರೈಲು. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಿಡಿ, ಪಂಚೆಗೆ ಮಸಿ. ಒಂದು ದಿನ ನಾನು ಕಣ್ಣುಜ್ಜಿಕೊಳ್ಳುತ್ತಿದ್ದಾಗ ಕೇಳಿದರು:

‘ಈ ಹೊಗೆ ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೀರಿ?’

‘ಮೇಲಕ್ಕೆ.’

‘ಮೇಲಕ್ಕೆ ಹೋಗಿ?’

ಅಲ್ಲಿಂದಾಚೆ ಏನಾಗುತ್ತದೆಂದು ನಾನು ಯೋಚಿಸಿದ್ದೇ ಇರಲಿಲ್ಲ.

‘ಮಸಿ ಕೆಳಗೆ ಬೀಳುತ್ತೆ, ನಿಮ್ಮ ಪಂಚೆ ಮೇಲೆ. ಕಣ್ಣಿಗೆ ಕಾಣದ ಅನಿಲ ಇದೆಯಲ್ಲ, ಅದು ಅಲ್ಲೇ ಇರುತ್ತೆ. ನಿಮ್ಮ ಮೊಮ್ಮಕ್ಕಳು ಹುಟ್ಟೋವರ್ಗೂ ಇರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಬಸ್ಸು ಹತ್ತಿದ್ದೀರಾ, ಗಾಜೆಲ್ಲ ಮುಚ್ಚಿದ್ದು? ಬಿಸಿಲು ಒಳಗೆ ಬರುತ್ತೆ, ಕಾವು ಹೊರಗೆ ಹೋಗಲ್ಲ. ಇಡೀ ಭೂಮೀನ ಹಾಗೆ ಮಾಡ್ತಾ ಇದ್ದೀವಿ ನಾವು. ಕಲ್ಲಿದ್ದಲು ಸುಡ್ತೀವಿ, ಸೀಮೆಎಣ್ಣೆ ಸುಡ್ತೀವಿ, ಸಾಲದು ಅಂತ ಆ ಅನಿಲ ಹೀರ್ಕೊಳ್ಳೋ ಮರಾನೂ ಕಡಿದು ಸುಡ್ತೀವಿ.’

ಪಠ್ಯಪುಸ್ತಕದಲ್ಲಿ ಈ ವಿಷಯ ಇದ್ದದ್ದು ಎರಡೇ ಸಾಲು. ಅವರು ಒಂದು ವಾರ ಪಾಠ ಮಾಡುತ್ತಿದ್ದರು. ಎರಡು ಉಪ್ಪಿನಕಾಯಿ ಬಾಟಲಿ ತಂದು, ಒಂದರೊಳಗೆ ನಿಂಬೆರಸಕ್ಕೆ ಅಡುಗೆ ಸೋಡ ಹಾಕಿ ಬುಸುಗುಟ್ಟಿಸಿ, ಎರಡಕ್ಕೂ ಥರ್ಮಾಮೀಟರ್ ಇಳಿಬಿಟ್ಟು ಬಿಸಿಲಿಗೆ ಇಡುತ್ತಿದ್ದರು. ಸೋಡದ ಬಾಟಲಿಯಲ್ಲಿ ಪಾದರಸ ಒಂದೆರಡು ಗೆರೆ ಹೆಚ್ಚು ಏರಿದರೆ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಏರದಿದ್ದ ದಿನ ಬಾಟಲಿಗೂ ಬೈಗುಳ ಬೀಳುತ್ತಿತ್ತು.

ಇನ್ನು ನನ್ನ ಪಾಪದ ವಿಷಯಕ್ಕೆ ಬರುತ್ತೇನೆ. ಸ್ಕೂಲಿನ ಮುಂದೆ ಹದಿನಾಲ್ಕು ಹೊಂಗೆ ಮರಗಳಿದ್ದವು. ಪ್ರಾರ್ಥನೆ, ಮಧ್ಯಾಹ್ನದ ಊಟ, ವಾರ್ಷಿಕೋತ್ಸವ ಎಲ್ಲವೂ ಅವುಗಳ ಕೆಳಗೇ. ಶಾಲೆಯ ಬೆಟರ್‌ಮೆಂಟ್ ಕಮಿಟಿಗೆ ನಂಜಪ್ಪ ಎಂಬಾತ ಅಧ್ಯಕ್ಷ. ಕಡಬದ ದಾರಿಯಲ್ಲಿ ಅವನ ಇಟ್ಟಿಗೆ ಗೂಡಿತ್ತು. ಇಟ್ಟಿಗೆ ಸುಡಲು ಸೌದೆ ಬೇಕು, ಸುತ್ತಲಿನ ತೋಪುಗಳನ್ನೆಲ್ಲ ಆಗಲೇ ತಿಂದು ಮುಗಿಸಿದ್ದ. ದಸರಾ ರಜಕ್ಕೆ ಎರಡು ದಿನ ಮುಂಚೆ ಹೆಡ್‌ಮಾಸ್ಟರ ಕೋಣೆಗೆ ನನ್ನನ್ನು ಕರೆಸಿದ.

‘ಏನ್ ಮೇಷ್ಟ್ರೇ, ನಿಮ್ ಅಕ್ಷರ ಮುತ್ತು ಪೋಣಿಸ್ದಂಗೆ ಅಂತಾರೆ. ಅರಣ್ಯ ಇಲಾಖೆಗೆ ಒಂದ್ ಕಾಗ್ದ ಬರ್ಕೊಡಿ. ಆ ಮರ ಹಳೇವಾಗವೆ, ಹೆಣ್ಮಕ್ಕಳ ಮೇಲೆ ಬಿದ್ರೆ ನಾವೇ ತಾನೆ ಜವಾಬ್ದಾರಿ?’

ಮರಗಳು ಗಟ್ಟಿಯಾಗಿದ್ದದ್ದು ನನಗೆ ಗೊತ್ತಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ಹೆಡ್‌ಮಾಸ್ಟರು ಕಿಟಕಿ ಕಡೆ ನೋಡುತ್ತ ಕೂತಿದ್ದರು. ನಾನು ಬರೆದೆ. ಹೆದರಿಕೆಗೆ ಬರೆದೆ ಎಂದರೆ ಅರ್ಧ ಸುಳ್ಳು. ಅಕ್ಷರ ಹೊಗಳಿದ್ದಕ್ಕೆ ಉಬ್ಬಿ ಬರೆದೆ. ಅವನು ‘ಹಳೇವು’ ಎಂದದ್ದು ನನಗೆ ಸಪ್ಪೆ ಎನಿಸಿ, ‘ಒಳಗೆ ಸಂಪೂರ್ಣ ಟೊಳ್ಳಾಗಿದ್ದು ಯಾವ ಕ್ಷಣದಲ್ಲಾದರೂ ಧರಾಶಾಯಿಯಾಗುವ ಸಂಭವವಿದೆ’ ಎಂದು ನಾನೇ ಸ್ವಂತ ಪ್ರತಿಭೆಯಿಂದ ಸೇರಿಸಿದೆ. ನಂಜಪ್ಪ ಓದಿಸಿ ಕೇಳಿ, ‘ಅಬ್ಬಬ್ಬಾ!’ ಎಂದ. ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜವಾಗಿಯೂ ಸಂತೋಷವಾಯಿತು.

ರಜ ಮುಗಿಸಿ ಬಂದಾಗ ಹದಿನಾಲ್ಕು ಬುಡಗಳಿದ್ದವು. ಮರ ಟೊಳ್ಳೆಂದು ಯಾರೋ ಇಲಾಖೆಗೆ ಕಾಗದ ಬರೆದುಕೊಟ್ಟಿದ್ದಾರೆಂದು ಜವಾನನಿಂದ ಕೇಳಿ, ಭಾಗೀರಥಮ್ಮನವರು ಬ್ಯಾಗು ಕೆಳಗಿಟ್ಟು, ಒಂದೊಂದೇ ಬುಡದ ಹತ್ತಿರ ಕೂತು, ಬೆರಳಿನಿಂದ ಕುಟ್ಟಿ ನೋಡಿದರು. ಒಂದೂ ಟೊಳ್ಳಿರಲಿಲ್ಲ. ಅಳುತ್ತಾರೇನೋ ಎಂದುಕೊಂಡೆ. ಅವರು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಇಷ್ಟು ವರ್ಷ ಇವು ಗಾಳಿಯಿಂದ ಹೀರಿಟ್ಕೊಂಡಿದ್ದನ್ನ ಆ ಮನುಷ್ಯ ಒಂದು ವಾರದಲ್ಲಿ ವಾಪಸ್ ಊದಿಬಿಟ್ಟ. ಬಿಡಲ್ಲ ಕಣ್ರೀ ಅವನನ್ನ. ಅವನಿಗೆ ಕಾಗದ ಬರ್ಕೊಟ್ಟೋನನ್ನೂ ಬಿಡಲ್ಲ’ ಎಂದರು.

ಮರುದಿನವೇ ರಜ ಹಾಕಿ ತುಮಕೂರಿನ ಅರಣ್ಯ ಇಲಾಖೆ ಕಚೇರಿಗೆ ಹೋದರು. ಅದರ ಮಾರನೆಯ ದಿನ ರೈಲಿನಲ್ಲಿ ನನ್ನ ಎದುರಿಗೇ ಕೂತರು. ನಾನು ಪತ್ರಿಕೆ ಮಡಿಚಿ ಪಕ್ಕಕ್ಕಿಟ್ಟು ಕೇಳಿದೆ:

‘ಕಾಗದ ಸಿಕ್ತಾ ಮೇಡಂ?’

‘ಇಲ್ಲ. ಫೈಲು ಎಲ್ಲೋ ಹೋಗಿದೆ ಅಂದ್ರು’ ಎಂದು ನನ್ನನ್ನೇ ನೋಡಿದರು. ನನ್ನ ಜೀವ ವಾಪಸ್ ಬಂತು. ಆವತ್ತು ಅವರಿಗೆ ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ವಾರ್ಷಿಕೋತ್ಸವ. ವೇದಿಕೆಯ ಜವಾಬ್ದಾರಿಯನ್ನು ಮೇಡಂ ಕೇಳಿ ಪಡೆದುಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ನಂಜಪ್ಪನಿಗೆ ಸನ್ಮಾನ ಆಗಬೇಕೆಂದು ಹೇಳಿದವರೂ ಅವರೇ. ವೇದಿಕೆಯನ್ನು ಮರಗಳಿದ್ದ ಜಾಗದಲ್ಲೇ ಹಾಕಿಸಿದರು. ಹುಡುಗಿಯರನ್ನೂ ತಾಯಂದಿರನ್ನೂ ಎದುರಿನ ಜಗಲಿಯ ನೆರಳಿನಲ್ಲಿ ಕೂರಿಸಿದರು. ಹನ್ನೊಂದೂವರೆಗೆ ಬಂದ ನಂಜಪ್ಪ ಮೇಲೆ ನೋಡಿ, ‘ಶಾಮಿಯಾನ ಹಾಕ್ಸಿಲ್ವೇನಮ್ಮ?’ ಎಂದ.

‘ಯಾವ ವರ್ಷ ಹಾಕ್ಸಿದ್ದೀವಿ ಸಾರ್? ನಮ್ಮಲ್ಲಿ ಆ ಪದ್ಧತಿನೇ ಇಲ್ಲ’ ಎಂದರು ಭಾಗೀರಥಮ್ಮ, ಬಹಳ ವಿನಯದಿಂದ.

ಮೊದಲು ಸನ್ಮಾನ. ತಲೆಗೆ ಮೈಸೂರು ಪೇಟ, ಮೈಗೆ ಉಣ್ಣೆಯ ಶಾಲು, ಕೊರಳಿಗೆ ಸೇರುಗಟ್ಟಲೆ ತೂಕದ ಚೆಂಡು ಹೂವಿನ ಹಾರ. ಪೇಟ ತೊಡಿಸಿಕೊಂಡವನು ಎಲ್ಲರೆದುರು ಅದನ್ನು ತೆಗೆದಿಡುವಂತಿಲ್ಲ, ವಂದನಾರ್ಪಣೆಗೆ ಮುಂಚೆ ಏಳುವಂತಿಲ್ಲ. ಆಮೇಲೆ ಎಂಟು ಹುಡುಗಿಯರು ಒಬ್ಬರಾದ ಮೇಲೊಬ್ಬರು ಬಂದು ನಂಜಪ್ಪನ ಔದಾರ್ಯವನ್ನು ಹೊಗಳಿದರು. ವೇದಿಕೆಯ ಕಂಬಕ್ಕೆ ಥರ್ಮಾಮೀಟರ್ ಕಟ್ಟಿತ್ತು. ಪ್ರತಿ ಭಾಷಣವಾದ ಮೇಲೂ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ನೋಡಿ, ಮೈಕಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಬಿಸಿಲಿನಲ್ಲಿ ನೇತುಹಾಕಿದ ಥರ್ಮಾಮೀಟರ್ ಗಾಳಿಯ ಉಷ್ಣಾಂಶ ತೋರಿಸುವುದಿಲ್ಲ ಎಂದು ಪಾಠ ಮಾಡಿದವರು ಇವರೇ. ನಾನು ಹೋಗಿ ಕಿವಿಯಲ್ಲಿ ಕೇಳಿದೆ.

‘ಇವತ್ತು ನಾನು ಗಾಳೀದು ಅಳೀತಿಲ್ಲ. ನಂಜಪ್ಪಂದು ಅಳೀತಿದ್ದೀನಿ’ ಎಂದರು.

ಕೊನೆಗೆ ಅಭಿನಂದನಾ ಪತ್ರ. ‘ನಾಲ್ಕು ಪುಟಕ್ಕೆ ಕಮ್ಮಿ ಬೇಡ ಪಂಡಿತರೇ, ನಿಮ್ಮ ಅಕ್ಷರದಲ್ಲೇ ಇರ್ಲಿ, ಓದೋದೂ ನೀವೇ’ ಎಂದು ಮೊದಲೇ ತಾಕೀತು ಮಾಡಿದ್ದರು. ನಾನು ಓದಿದೆ. ಪೇಟದ ಕೆಳಗಿನಿಂದ ನಂಜಪ್ಪನ ಬೆವರು ಹುಬ್ಬಿಗೆ, ಹುಬ್ಬಿನಿಂದ ಮೀಸೆಗೆ ಇಳಿಯುವುದನ್ನು ಕಡೆಗಣ್ಣಿನಲ್ಲಿ ನೋಡುತ್ತ, ಒಳಗೊಳಗೇ ಖುಷಿಪಡುತ್ತ ಓದಿದೆ. ಆ ಹೊತ್ತಿನಲ್ಲಿ ಬಿಸಿಲಿನಲ್ಲಿ ಇದ್ದವರು ನಾವಿಬ್ಬರೇ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಮೂರನೆಯ ಪುಟಕ್ಕೆ ಜಗಲಿಯಲ್ಲಿ ಯಾರೋ ತಾಯಿ, ‘ಅಯ್ಯೋ, ಆ ಮರ ಇದ್ದಿದ್ರೆ ಪಾಪ ಸಾಹೇಬ್ರಿಗೆ ಎಷ್ಟು ತಂಪಾಗಿರೋದು!’ ಎಂದರು. ಮೊದಲು ಹುಡುಗಿಯರು ನಕ್ಕರು, ಆಮೇಲೆ ಇಡೀ ಜಗಲಿ ನಕ್ಕಿತು. ನಂಜಪ್ಪನಿಗೆ ಆಗ ಗೊತ್ತಾಯಿತು.

ಜೂನಿನಲ್ಲಿ ಸ್ಕೂಲು ತೆರೆಯುವ ಮುಂಚೆಯೇ ಮೇಡಂಗೆ ವರ್ಗವಾಯಿತು. ಕುಣಿಗಲ್ ತಾಲೂಕು, ಮಾರ್ಕೋನಹಳ್ಳಿಯ ಕಡೆಯ ಒಂದು ಹಳ್ಳಿ. ಅತ್ತೆಯನ್ನೂ ಪಾತ್ರೆಪಡಗವನ್ನೂ ಲಾರಿಗೆ ಹತ್ತಿಸಿದರು. ಬೀಳ್ಕೊಡಲು ನಾನು ಮರಳೂರಿಗೆ ಹೋಗಿದ್ದೆ. ಅವರ ಮುಖದಲ್ಲಿ ಸೋತ ಗುರುತೇ ಇರಲಿಲ್ಲ.

‘ಬಿಸಿಲಿಗೆ ಕೂರ್ಸಿದ್ದು ಏನೂ ಅಲ್ಲ ಕಣ್ರೀ, ಅದು ಬರೀ ತಮಾಷೆ. ಅವನ ಇಟ್ಟಿಗೆ ಕೇಳೋರೇ ಇಲ್ಲದ ಹಾಗೆ ಮಾಡ್ತೀನಿ ನೋಡ್ತಿರಿ.’

ಹೇಳಿದ್ದನ್ನು ಮಾಡಲು ಹೊರಟೂಬಿಟ್ಟರು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿದ್ಯೆಯನ್ನು ಎಲ್ಲಿಂದಲೋ ಕಲಿತರು. ಹಳ್ಳಿಯವರನ್ನು ಒಪ್ಪಿಸಿ ಅದರಲ್ಲೇ ಸ್ಕೂಲಿಗೆ ಒಂದು ಕೋಣೆ ಕಟ್ಟಿಸಿದರು. ‘ಮಳೆಗೆ ಕರಗೋಯ್ತದೆ ಬುಡಿ ಮೇಡಂ’ ಎಂದು ನಕ್ಕವನ ಹೆಸರನ್ನು ನೆನಪಿಟ್ಟುಕೊಂಡು, ಮಳೆಗಾಲ ಮುಗಿದ ಮೇಲೆ ಅವನ ಮನೆಗೇ ಹೋಗಿ ಕರೆತಂದು ಗೋಡೆ ಮುಟ್ಟಿಸಿದರಂತೆ. ಆಮೇಲೆ ಅವನೇ ತನ್ನ ದನದ ಕೊಟ್ಟಿಗೆಗೆ ಅದೇ ಇಟ್ಟಿಗೆ ಹಾಕಿದ. ಒಂದು ಕೋಣೆ, ಒಂದು ಕೊಟ್ಟಿಗೆ, ಹಳ್ಳಿಯ ಮನೆಗಳಲ್ಲಿ ಹಾಕಿಸಿದ ಹೊಗೆ ಕಡಿಮೆ ಬರುವ ಹತ್ತಿಪ್ಪತ್ತು ಒಲೆ, ಅಷ್ಟೇ. ನಂಜಪ್ಪನ ಗೂಡು ಉರಿಯುತ್ತಲೇ ಇತ್ತು.

ಎಂಬತ್ತರ ದಶಕದ ಕೊನೆಗೆ ನಂಜಪ್ಪ ಅಧ್ಯಕ್ಷಗಿರಿ ಕಳೆದುಕೊಂಡ. ಆಗ ನನಗೆ ಧೈರ್ಯ ಬಂತು. ನನ್ನ ಧೈರ್ಯ ಯಾವಾಗಲೂ ಹೀಗೆ, ಎದುರಾಳಿ ಎದ್ದು ಹೋದ ಮೇಲೆ ಬರುವಂಥದು. ಹಳೆಯ ಬುಡಗಳ ಸಾಲಿನಲ್ಲೇ ಹದಿನಾಲ್ಕು ಹೊಂಗೆ ಗಿಡ ನೆಟ್ಟೆ. ನೆಟ್ಟ ವಾರವೇ ಕುಣಿಗಲ್ ಬಸ್ಸು ಹತ್ತಿದೆ. ಮೇಡಂ ಆ ಸುಡದ ಇಟ್ಟಿಗೆಯ ಕೋಣೆಯಲ್ಲಿ ಪಾಠ ಮುಗಿಸಿ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾಫಿ ಕೊಟ್ಟರು. ನಾನು ಗಿಡ ನೆಟ್ಟ ಸುದ್ದಿ ಹೇಳಿ, ಲೋಟ ಕೆಳಗಿಟ್ಟು, ‘ಆ ಕಾಗದ ಬರೆದದ್ದು ನಾನು ಮೇಡಂ’ ಎಂದೆ.

‘ಗೊತ್ತು. ಆವತ್ತೇ ಕಚೇರೀಲಿ ನೋಡ್ದೆ. ಧರಾಶಾಯಿ ಅಂತ ಬರೆಯೋರು ಗುಬ್ಬೀಲಿ ಇನ್ಯಾರಿದ್ರು?’

‘ಮತ್ತೆ ಫೈಲು ಸಿಗಲಿಲ್ಲ ಅಂದ್ರಲ್ಲ?’

‘ನೀವಾಗೇ ಬಂದು ಹೇಳ್ತೀರ ಅಂತ ಕಾದೆ. ಮಾರನೇ ದಿನ ಹೇಳಿದ್ರೆ ಬೈದು ಮುಗಿಸ್ತಿದ್ದೆ. ಇಷ್ಟು ವರ್ಷ ತಗೊಂಡ್ರಿ.’

‘ಈಗ ಕ್ಷಮಿಸಿಬಿಡಿ.’

‘ಇಲ್ಲ’ ಎಂದರು. ದನಿ ಸ್ವಲ್ಪವೂ ಏರಲಿಲ್ಲ. ‘ಗಿಡ ನೆಟ್ಟಿದ್ದು ಒಳ್ಳೇ ಕೆಲಸ. ನೀರು ಹಾಕಿ. ಆದ್ರೆ ಅದನ್ನ ನನಗೆ ಲಂಚ ತಂದಿದ್ರೆ ವಾಪಸ್ ತಗೊಂಡು ಹೋಗಿ. ಒಂದು ಗಿಡ ನೆಟ್ರೆ ಎಲ್ಲ ಸರಿಹೋಯ್ತು ಅಂತ ಎಲ್ರೂ ಅಂದ್ಕೊಂಡೇ ಈ ಭೂಮಿ ಹೀಗೆ ಕಾವೇರ್ತಾ ಇರೋದು. ನೆಟ್ಟೋರು ಫೋಟೋ ತೆಗೆಸ್ಕೊಂಡು ಹೋಗ್ತಾರೆ, ಬೇಸಿಗೇಲಿ ಅಲ್ಲಿ ಕಡ್ಡಿ ನಿಂತಿರುತ್ತೆ. ನಿಮ್ಮದೂ ಅಷ್ಟೇ ಆಗುತ್ತೆ.’

ನನಗೆ ಮೈಯೆಲ್ಲ ಉರಿಯಿತು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಬಸ್ಸಿನಲ್ಲಿ ಕುಣಿಗಲ್‌ನಿಂದ ತುಮಕೂರಿನವರೆಗೂ ಮನಸ್ಸಿನಲ್ಲೇ ಅವರನ್ನು ಬೈದೆ. ಎಂಥ ಕಲ್ಲು ಹೆಂಗಸು! ಕಡ್ಡಿ ನಿಂತಿರುತ್ತದಂತೆ, ಕಡ್ಡಿ! ಆ ಬೇಸಿಗೆಯಲ್ಲಿ ಶಾಲೆಯ ಬಾವಿ ತಳ ಕಂಡಿತು. ನಾನು ರಜದ ದಿನಗಳಲ್ಲೂ ರೈಲಿನಲ್ಲಿ ಗುಬ್ಬಿಗೆ ಬಂದು, ಬೀದಿ ಕೊನೆಯ ಬೋರ್‌ವೆಲ್ಲಿನಿಂದ ಎರಡೂ ಕೈಯಲ್ಲಿ ಬಕೆಟ್ ಹಿಡಿದು ತಂದು, ಹದಿನಾಲ್ಕಕ್ಕೂ ನೀರು ಹಾಕಿದೆ. ಪ್ರೀತಿಗಲ್ಲ, ಪಶ್ಚಾತ್ತಾಪಕ್ಕೂ ಅಲ್ಲ. ಅವರ ಮಾತನ್ನು ಸುಳ್ಳು ಮಾಡುವ ಹಟಕ್ಕೆ. ಪ್ರತಿ ಬಕೆಟ್ಟಿಗೂ ‘ತಗೊಳ್ಳಿ ಮೇಡಂ, ತಗೊಳ್ಳಿ’ ಎಂದು ಹಲ್ಲು ಕಡಿಯುತ್ತಿದ್ದೆ. ಮೇಕೆ ತಿಂದ ಎರಡರ ಜಾಗದಲ್ಲಿ ಮತ್ತೆರಡು ನೆಟ್ಟೆ. ಮಾರನೇ ವರ್ಷವೂ ಅದೇ ಹಟ, ಅದರ ಮುಂದಿನ ವರ್ಷವೂ ಅದೇ.

ಗಿಡಗಳು ನನ್ನ ತಲೆಗಿಂತ ಎತ್ತರವಾದ ವರ್ಷ, ಕರೆತಂದು ತೋರಿಸಿ ಮುಖಕ್ಕೆ ಹೊಡೆದ ಹಾಗೆ ಮಾತಾಡಬೇಕೆಂದು ಕಾಗದ ಬರೆದೆ. ಉತ್ತರ ಆ ಹಳ್ಳಿಯ ಹೆಡ್‌ಮಾಸ್ಟರಿಂದ ಬಂತು. ಮೇಡಂ ತೀರಿಕೊಂಡು ಎರಡು ತಿಂಗಳಾಗಿತ್ತು. ನನಗೆ ಏನೂ ಹೇಳಿ ಕಳಿಸಿರಲಿಲ್ಲ.

ಕ್ಷಮಿಸದೆಯೇ ಹೋದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ದಿನ ಅವರು ‘ಹೋಗ್ಲಿ ಬಿಡಿ ಪಂಡಿತರೇ’ ಎಂದು ಒಂದು ಮಾತು ಅಂದಿದ್ದರೆ, ನಾನು ಹಗುರಾಗಿ ಮನೆಗೆ ಬಂದು ಮಲಗಿಬಿಡುತ್ತಿದ್ದೆ, ಆ ಬೇಸಿಗೆಯಲ್ಲೇ ಗಿಡಗಳೆಲ್ಲ ಒಣಗಿ ಹೋಗುತ್ತಿದ್ದವು. ನನ್ನನ್ನು ನಾನು ಬಲ್ಲೆ. ಅವರೂ ಬಲ್ಲವರಾಗಿದ್ದರು.