ತಪ್ಪಿಹೋದರೆ ಕಡಲೆಗಾಡಿ

ಕಾಪುವಿನ ಕಡಲತೀರದಲ್ಲಿ ಕೊಂಡ ನೆಲಗಡಲೆಯ ಪೊಟ್ಟಣದಲ್ಲಿ ಒಂದಾದರೂ ಕಹಿ ಬೀಜ ಇದ್ದೇ ಇರುತ್ತದೆ ಎಂಬುದು ನಿಮಗೂ ಗೊತ್ತಿರುವ ಸಂಗತಿ. ನಾನು ಅದನ್ನು ಮೊದಲೇ ಹುಡುಕಿ ತೆಗೆಯಲು ಕೂರುವವಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ಸಿಪ್ಪೆ ಉಜ್ಜಿ, ಮೂಸಿ ನೋಡಿ ಬಾಯಿಗಿಡುವಷ್ಟರಲ್ಲಿ ಕಡಲೆಯೂ ತಣ್ಣಗಾಗಿ ಸೂರ್ಯನೂ ಮುಳುಗಿರುತ್ತಾನೆ. ಕಾರ್ಕಳಕ್ಕೆ ಮದುವೆಯಾಗಿ ಹೋದ ನನ್ನ ತಂಗಿ ಶಕ್ಕುವಿನ ರೀತಿಯೇ ಬೇರೆ. ಅವಳು ಒಂದು ಹಿಡಿ ಬಾಯಿಗೆ ಎಸೆದುಕೊಳ್ಳುತ್ತಾಳೆ, ಕಹಿ ಸಿಕ್ಕಿದರೆ ಇನ್ನೊಂದು ಹಿಡಿ ಎಸೆದು ಅದನ್ನು ಮರೆಯುತ್ತಾಳೆ.

ನಮ್ಮ ಬಾಲ್ಯ ಕಳೆದದ್ದು ಕಾಪುವಿನ ಹತ್ತಿರದ ಇನ್ನಂಜೆಯಲ್ಲಿ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟವಿದ್ದರೆ ಅಮ್ಮ ಚಾಪೆ ಸುತ್ತಿಕೊಂಡು, ಟಾರ್ಚು ಹಿಡಿದು, ನಮ್ಮಿಬ್ಬರನ್ನೂ ಕರೆದುಕೊಂಡು ಹೊರಡುತ್ತಿದ್ದಳು. ‘ರಾತ್ರಿಜೀವನ’ ಎಂಬ ಮಾತು ಕೇಳಿದ ಕೂಡಲೇ ಮೂಗು ಮುರಿಯುವ ನಮ್ಮ ಕಡೆಯ ಸಭ್ಯರು, ಬೆಳಗಿನ ತನಕ ಬಯಲಿನಲ್ಲಿ ಕುಳಿತು, ರಾಕ್ಷಸನ ಪ್ರವೇಶಕ್ಕೆ ಶಿಳ್ಳೆ ಹೊಡೆದು, ಪದ್ಯ ಉದ್ದವಾದಾಗ ಮೆಲ್ಲನೆ ಎದ್ದು ಹೋಗಿ ಆಮ್ಲೆಟ್ ತಿಂದು ಬರುತ್ತಿದ್ದುದನ್ನು ಏನೆಂದು ಕರೆಯುತ್ತಾರೋ ನನಗೆ ತಿಳಿಯದು. ಗದ್ದೆಯ ಅಂಚಿನಲ್ಲಿ ಅಮ್ಮನ ಉಪದೇಶ ಪ್ರತಿ ಸಲವೂ ಒಂದೇ.

“ತಪ್ಪಿಹೋದರೆ ಅಳುವುದು ಬೇಡ, ಹುಡುಕುವುದೂ ಬೇಡ. ಕಡಲೆಯವನ ದೀಪದ ಹತ್ತಿರ ಹೋಗಿ ನಿಲ್ಲಿ. ನಾನು ಬರ್ತೇನೆ.”

ಶಕ್ಕುವಿನ ಕೈ ಹಿಡಿದುಕೊಳ್ಳುವುದು ನನ್ನ ಕೆಲಸ, ತಪ್ಪಿಹೋಗುವುದು ಅವಳದು. ಕೊನೆಗೆ ಕಡಲೆಯವನ ಬಳಿ ಅವಳು ಸಿಕ್ಕಾಗ, ಹೆದರಿದ ಮಗುವೆಂದು ಅಮ್ಮ ಅವಳಿಗೊಂದು ಪೊಟ್ಟಣ ಕೊಡಿಸುತ್ತಿದ್ದಳು. ನನಗೆ ಸಿಗುತ್ತಿದ್ದುದು ಬೈಗುಳ.

ಹೋದ ವರ್ಷ ನಾನು ಟೀಚರ್ ಕೆಲಸದಿಂದ ನಿವೃತ್ತಳಾದೆ. ಪರ್ಕಳದ ಟ್ರಾವೆಲ್ಸ್ ಒಂದರ ತಂಡದ ಜೊತೆ ಅಕ್ಕತಂಗಿಯರಿಬ್ಬರೇ ಬ್ಯಾಂಕಾಕಿಗೆ ಹೊರಟೆವು. ದೊಡ್ಡ ಪರದೇಶದ ನಗರದಲ್ಲಿ ಸಂಜೆಯ ಮೇಲೆ ಸುರಕ್ಷಿತವಾಗಿರುವುದು ಹೇಗೆಂದು ನಾನು ಪರೀಕ್ಷೆಗೆ ಓದುವವಳಂತೆ ಓದಿದ್ದೆ. ಮುಚ್ಚಳ ತೆಗೆದಿಟ್ಟ ಪಾನೀಯ ಮುಟ್ಟಬಾರದು, ಲೋಟ ಬಿಟ್ಟು ಏಳಬಾರದು, ಗಾಡಿಯ ನಂಬರ್ ನೋಡದೆ ಹತ್ತಬಾರದು, ಹೋಟೆಲಿನ ವಿಳಾಸವನ್ನು ಥಾಯ್ ಲಿಪಿಯಲ್ಲಿ ಬರೆದ ಚೀಟಿ ಸದಾ ಜೊತೆಗಿರಬೇಕು. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ನನ್ನ ಭಯ ಅಷ್ಟಕ್ಕೆ ತೃಪ್ತಿಪಡುವಂಥದ್ದಲ್ಲ. ಶಕ್ಕು ಎಲ್ಲಾದರೂ ಬೀಳಿಸಿಯಾಳೆಂದು ಅವಳ ಪಾಸ್‌ಪೋರ್ಟು, ಫೋನು, ವಿಳಾಸದ ಚೀಟಿಗಳನ್ನೂ ನನ್ನ ಚೀಲದೊಳಗೇ ಭದ್ರಪಡಿಸಿದೆ. ಬೀದಿಯ ಆಹಾರವನ್ನು ಸಾರಾಸಗಟಾಗಿ ನಿಷೇಧಿಸಿ, ಸಿಪ್ಪೆಯಿರುವ ಹಣ್ಣಷ್ಟೇ ಕ್ಷೇಮವೆಂದು ಸಾರಿದೆ. ಹೀಗೆ ಜಗತ್ತೆಲ್ಲ ಊಟಕ್ಕೆಂದೇ ಹಾರಿಬರುವ ಪಟ್ಟಣದಲ್ಲಿ ನಾವಿಬ್ಬರೂ ಬಾಳೆಹಣ್ಣು ಸುಲಿಯುತ್ತ ಕಾಲ ಕಳೆದೆವು.

ಕೊನೆಯ ಸಂಜೆ ತಂಡದವರನ್ನು ಬಿಟ್ಟು ನಾವಿಬ್ಬರೇ ನದಿಯ ದಂಡೆಯ ದೊಡ್ಡ ಸಂತೆಗೆ ಹೋದೆವು. ಬಣ್ಣದ ದೀಪಗಳ ಕೆಳಗೆ ಒಲೆಗಳು ಧಗಧಗಿಸುತ್ತಿದ್ದವು. ಸುಟ್ಟ ಮೀನಿನ ಪರಿಮಳಕ್ಕೆ ಮಲ್ಪೆಯ ಗಾಳಿ ಕುಡಿದು ಬೆಳೆದ ನಮ್ಮ ಮೂಗುಗಳು ತಾವಾಗಿಯೇ ಅತ್ತ ತಿರುಗಿದವು.

“ಅಕ್ಕ, ನಾಳೆ ಹೊರಡುವುದಲ್ವಾ?” ಎಂದಳು ಶಕ್ಕು. “ಇವತ್ತಾದರೂ ಎಂತಾದರೂ ತಿನ್ನುವ.”

“ಚೀಲದಲ್ಲಿ ಬಾಳೆಹಣ್ಣು ಉಂಟು,” ಎಂದು ನಾನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಸ್ವಲ್ಪ ಹೊತ್ತಿನಲ್ಲಿ ಹಾಡುವವರ ಗುಂಪೊಂದು ನಮ್ಮನ್ನು ದಾಟಿಹೋಯಿತು. ನೋಡುತ್ತೇನೆ, ನನ್ನ ಕೈ ಖಾಲಿ.

ಆಗಿನ ನನ್ನ ಸ್ಥಿತಿಯನ್ನು ಅಲಂಕಾರವಿಲ್ಲದೆ ಹೇಳಿಬಿಡುತ್ತೇನೆ: ನಿಂತಲ್ಲೇ ಮೂರು ಸುತ್ತು ತಿರುಗಿದೆ. ಅವಳಿಗೆ ಫೋನು ಮಾಡಿದರೆ ಅದು ನನ್ನ ಚೀಲದೊಳಗೇ ಹಾಡತೊಡಗಿತು. ಸುರಕ್ಷತೆಯ ಸಕಲ ಸಾಮಗ್ರಿಯೂ ನನ್ನ ಹೆಗಲ ಮೇಲಿತ್ತು; ಸುರಕ್ಷಿತವಾಗಿರಬೇಕಾದವಳು ಮಾತ್ರ ಹೋಟೆಲಿನ ಹೆಸರೂ ನೆನಪಿಲ್ಲದೆ ಆ ಜನಸಾಗರದಲ್ಲಿ ಎಲ್ಲೋ ಇದ್ದಳು. ತರಗತಿಯನ್ನು ಅಡಗಿಸುತ್ತಿದ್ದ ದನಿಯಲ್ಲಿ “ಶಕ್ಕೂ!” ಎಂದು ಕೂಗಿದೆ. ಅದೂ ಒಂದು ನಮಸ್ಕಾರವೆಂದು ತಿಳಿದು ಅಂಗಡಿಯವರೆಲ್ಲ ಕೈಮುಗಿದು ಮುಗುಳ್ನಕ್ಕರು. ಅಳು ಬಂದೇಬಿಟ್ಟಿತು. ಅಷ್ಟರಲ್ಲಿ ಎಲ್ಲಿಂದಲೋ ಅಮ್ಮನ ಮಾತು ಕೇಳಿಸಿದಂತಾಯಿತು: ಅಳುವುದು ಬೇಡ, ಹುಡುಕುವುದೂ ಬೇಡ.

ಸಂತೆಯ ಬಾಗಿಲ ಬಳಿ ಬೇಯಿಸಿದ ನೆಲಗಡಲೆಯ ಗಾಡಿಯೊಂದನ್ನು ಒಳಬರುವಾಗ ಕಂಡಿದ್ದೆ. ಓಡಿದೆ. ಗಾಡಿಯ ದೀಪದ ಕೆಳಗೆ, ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನನ್ನ ತಂಗಿ ಮಹಾರಾಣಿಯಂತೆ ಕುಳಿತಿದ್ದಳು. ಕಾಲ ಬಳಿ ಸಿಪ್ಪೆಯ ರಾಶಿ. ಗಾಡಿಯ ಹೆಂಗಸಿನೊಡನೆ ನಗೆಮಾತು ಬೇರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದುದು ಅದಕ್ಕೆ ಯಾವ ಅಡ್ಡಿಯನ್ನೂ ತಂದಂತಿರಲಿಲ್ಲ.

“ಎಂತ ಮಾರಾಯ್ತಿ ನೀನು! ನನ್ನ ಜೀವ ಹೋಯ್ತು!”

“ನೀನು ಬರ್ತಿ ಅಂತ ಗೊತ್ತಿತ್ತು,” ಎಂದು ಶಕ್ಕು ನನ್ನ ಅಂಗೈಗೆ ಕಡಲೆ ಸುರಿದಳು. “ಕೈ ತಪ್ಪಿದ್ದಲ್ಲ ಅಕ್ಕ, ನಾನೇ ಬಿಟ್ಟದ್ದು. ಸಿಪ್ಪೆ ಉಂಟು, ನೀನೂ ತಿನ್ನಬಹುದು.”

ಸಿಟ್ಟು ಬರಬೇಕಾಗಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ನಗು ಬಂದುಬಿಟ್ಟಿತು. ಅವಳ ಫೋನು, ಪಾಸ್‌ಪೋರ್ಟು, ಚೀಟಿಗಳನ್ನು ಅವಳ ಕೈಗೇ ಒಪ್ಪಿಸಿದೆ. ಆಮೇಲೆ ಅಜ್ಜಿ ಮೊಮ್ಮಕ್ಕಳ ಸಮೇತ ಊರವರೇ ತುಂಬಿದ್ದ ಅಂಗಡಿಯೊಂದನ್ನು ಆರಿಸಿ, ಕಣ್ಣೆದುರೇ ಕೆಂಡದ ಮೇಲೆ ಸುಟ್ಟ ಮೀನನ್ನು ಬೆರಳು ಸುಡುತ್ತಿದ್ದಂತೆಯೇ ತಿಂದೆವು. ಒಂದು ಬಿಯರನ್ನೂ ಹಂಚಿಕೊಂಡೆವು. ಮುಚ್ಚಳವನ್ನು ನಮ್ಮೆದುರೇ ತೆಗೆಸಿದೆ. ಆ ನಿಯಮವನ್ನು ಮಾತ್ರ ಬಿಡಲಿಲ್ಲ. ದಯವಿಟ್ಟು ಇದನ್ನು ಇನ್ನಂಜೆಯಲ್ಲಿ ಯಾರಿಗೂ ಹೇಳಬೇಡಿ.

ಕೊನೆಯ ಗುಟುಕಿನ ಧೈರ್ಯದಲ್ಲಿ ಶಕ್ಕು ಇನ್ನೊಂದು ಮಾತು ಹೇಳಿದಳು. “ಚಿಕ್ಕಂದಿನಲ್ಲಿ ಆಟದ ದಿನವೂ ಹಾಗೇ ಅಕ್ಕ. ಒಮ್ಮೆಯೂ ತಪ್ಪಿಹೋದದ್ದಿಲ್ಲ. ಕೈ ಬಿಟ್ಟರೆ ಕಡಲೆ ಸಿಗ್ತಿತ್ತಲ್ವಾ?”

ಇಷ್ಟು ವರ್ಷ ನಾನು ತಂಗಿಯನ್ನು ಲೋಕಜ್ಞಾನವಿಲ್ಲದವಳೆಂದು ತಿಳಿದು ಕೈಹಿಡಿದು ನಡೆಸಿದ್ದೆ. ಜಾಗ್ರತೆಯೆಂದರೆ ಬಿಗಿಯಾಗಿ ಹಿಡಿದಿರುವುದೆಂದು ನನ್ನ ಎಣಿಕೆ. ಬಿಟ್ಟ ಕೈ ಮತ್ತೆ ಎಲ್ಲಿ ಸಿಗುತ್ತದೆಂದು ಗೊತ್ತಿರುವುದೂ ಜಾಗ್ರತೆಯೇ ಎಂಬುದು ಆ ತುಂಟಿಗೆ ಲಂಗ ತೊಡುವ ವಯಸ್ಸಿನಲ್ಲೇ ತಿಳಿದಿತ್ತು.

ಮೊನ್ನೆ ಭಾನುವಾರ ಕಾಪುವಿನ ದೀಪಸ್ತಂಭದ ಬಳಿ ವಿಪರೀತ ಜನ. ಶಕ್ಕುವಿನ ಕೈ ಎಂದಿನಂತೆ ನನ್ನ ಕೈಯಲ್ಲಿತ್ತು. ಮೆಲ್ಲನೆ ಬಿಟ್ಟೆ. ಹಿಂತಿರುಗಿ ನೋಡದೆ ಕಡಲೆಗಾಡಿಗೆ ನಡೆದು, ಬಿಸಿ ಪೊಟ್ಟಣ ಕೊಂಡು, ಮೂಸದೆ ಒಂದು ಹಿಡಿ ಬಾಯಿಗೆ ಎಸೆದುಕೊಂಡೆ. ಕಹಿ ಬೀಜ ಸಿಕ್ಕಿತು; ಇನ್ನೊಂದು ಹಿಡಿ ಎಸೆದೆ. ಅಷ್ಟರಲ್ಲಿ ಶಕ್ಕು ಏದುಸಿರು ಬಿಡುತ್ತ, ಮುಖವೆಲ್ಲ ಗಾಬರಿ ಮಾಡಿಕೊಂಡು ಬಂದಳು. “ಎಂತ ಅಕ್ಕ ಇದು, ಹೇಳಿ ಹೋಗಬಾರದಾ?”

ಅಮ್ಮ ಇದ್ದಿದ್ದರೆ, ಆ ಸಂಜೆ ಪೊಟ್ಟಣ ನನಗೆ ಸಿಗುತ್ತಿತ್ತು, ಬೈಗುಳ ಅವಳಿಗೆ.