ಧೂಪವಿಲ್ಲದ ಕೋಣೆ

ಆಗಸ್ಟ್ ೧೩. ಬೆಳಗಿನಿಂದ ಗಾಳಿಯಿಲ್ಲ, ಮಧ್ಯಾಹ್ನ ಮೂವತ್ತೈದು ಡಿಗ್ರಿ.

ಪಕ್ಕದ ಮನೆಯ ಕುವಾಬಾರಾ ಯಾಸುಯೊ ಅವರಿಗೆ ಎಪ್ಪತ್ತೊಂಬತ್ತು. ಈ ಮಾರ್ಚಿನಲ್ಲಿ ತೀರಿಕೊಂಡ ಪತಿ ಇಪ್ಪತ್ತೆರಡು ವರ್ಷಗಳ ಹಿಂದೆ ಗದ್ದೆಯ ಕಾಲುವೆಯಿಂದ ತಂದ ಕೆಂಪು ಹೊಟ್ಟೆಯ ಸಾಲಮಾಂಡರನ್ನು, ಹಲ್ಲಿಯಂಥ ನೀರುಪ್ರಾಣಿಯನ್ನು, ಅವರೀಗ ಒಬ್ಬರೇ ಸಾಕುತ್ತಿದ್ದಾರೆ. ಪಾಚಿ ಹಾಸಿದ ಅದರ ಗಾಜಿನ ತೊಟ್ಟಿ ಬೇಸಿಗೆಯಲ್ಲಿ ಮನೆಯ ಏಕೈಕ ತಂಪು ಕೋಣೆಯಲ್ಲಿರುತ್ತದೆ. ಈ ವರ್ಷ ಪತಿಯ ಪಟವೂ ಅಲ್ಲೇ ಇದೆ.

ಇಂದು ಓಬೋನ್, ಸತ್ತವರು ಮನೆಗೆ ಮರಳುವ ದಿನ, ಅವರ ಪತಿಗೆ ಮೊದಲನೆಯದು. ಬೆಳಗ್ಗೆ ಅವರು ಪಟದ ಮುಂದೆ ಧೂಪ ಹಚ್ಚಿ, ಬಾಗಿಲು ಮುಚ್ಚಿ ಅಡುಗೆಗೆ ಹೋದರು. ಮರಳಿದಾಗ ಹೊಗೆ ತುಂಬಿತ್ತು. ಪ್ರಾಣಿ ಗಾಜಿಗೆ ಅಂಟಿಕೊಂಡು ಬಾಯಿ ತೆರೆಯುತ್ತಿತ್ತು. ನನ್ನನ್ನು ಕೂಗಿ ಕರೆದರು.

"ಇದು ಚರ್ಮದಲ್ಲೂ ಉಸಿರಾಡತ್ತೆ ಅಂತ ಅವ್ರು ನೂರು ಸಲ ಹೇಳಿದ್ರು ಕಣಮ್ಮ. ನನ್ನ ಬುದ್ಧಿಗೆ ಏನಾಗಿತ್ತೋ!"

ಕಿಟಕಿ ತೆರೆದೆವು, ಧೂಪ ಆರಿಸಿದೆವು, ತೊಟ್ಟಿಯ ನೀರು ತೆಗೆದು ಹಿಂದಿನ ದಿನ ತುಂಬಿಟ್ಟಿದ್ದ ನೀರು ಹಾಕಿದೆವು, ತೊಟ್ಟಿಯ ಪಕ್ಕ ಐಸು ಇಟ್ಟೆವು. ಒಂದು ಗಂಟೆಯ ಬಳಿಕ ಅದು ಮೆಲ್ಲನೆ ನೀರಿಗಿಳಿಯಿತು.

ಸಂಜೆ ಪತಿಯ ಅಕ್ಕ ಚಿಸೆ ಬಂದವರೇ ಗದರಿದರು: "ಮೊದಲ ಓಬೋನ್‌ಗೇ ಧೂಪ ಇಲ್ವಾ? ನನ್ನ ತಮ್ಮ ದಾರಿ ಹೇಗೆ ಹುಡುಕ್ತಾನೆ?"

"ಬಂದ್ರೆ ಅವ್ರು ಮೊದಲು ನೋಡೋದು ತೊಟ್ಟೀನೇ, ಅತ್ತಿಗೆ. ಅದಕ್ಕೆ ಹುಳ ಹಾಕಿದ್ಯಾ ಅಂತ ಕೇಳಿ, ಆಮೇಲೇ ನನ್ನ ವಿಚಾರ."

ಚಿಸೆ ತಾವು ತಂದಿದ್ದ ಧೂಪವನ್ನು ಬೀದಿಬಾಗಿಲಿಗೆ ಒಯ್ದು, ಸತ್ತವರಿಗೆ ದಾರಿ ತೋರಲು ಹಚ್ಚಿದ್ದ ಸ್ವಾಗತದ ಬೆಂಕಿಯ ಪಕ್ಕದಲ್ಲಿ ತಾವೇ ಹಚ್ಚಿದರು.

ಖರ್ಚು: ಐಸಿಗೆ ಇನ್ನೂರೈವತ್ತು ಯೆನ್, ಬೆಂಕಿಯ ಸೆಣಬಿನ ಕಡ್ಡಿಗೆ ಮುನ್ನೂರು.